ಭರತ್‌ಪುರದ ಎಮ್ಮೆಗಳು

ರಾಜಸ್ಥಾನದ ಭರತ್‌ಪುರ ಪಕ್ಷಿಧಾಮದ ನಡುವೆ ಕೇವಲದೇವ ಶಿವನ ಗುಡಿಯಿದೆ. ಅದರ ಹತ್ತಿರದ ಕಲ್ಲುಗಳ ಮೇಲೆ ಸಾಲು ಸಾಲಾಗಿ ತಾರೀಕು, ಅತಿಥಿಯ ಹೆಸರು, ಎಷ್ಟು ಕೋವಿ, ಎಷ್ಟು ಹಕ್ಕಿ ಎಂದು ಕೆತ್ತಿದ್ದಾರೆ. 1938ರ ನವೆಂಬರ್ 12ರ ಸಾಲು ವೈಸರಾಯ್ ಲಿನ್‌ಲಿತ್‌ಗೋನದು. ಅಂದು ಬಿದ್ದ ಹಕ್ಕಿಗಳು 4,273.

ಈ ಪಕ್ಷಿಧಾಮದ ಜೌಗು ತಾನಾಗಿ ಆದದ್ದಲ್ಲ. ಗಂಭೀರ್, ಬಾಣಗಂಗಾ ನದಿಗಳು ಮಳೆಗಾಲದಲ್ಲಿ ಉಕ್ಕಿದಾಗ ಇಲ್ಲಿನ ತಗ್ಗು ನೆಲದಲ್ಲಿ ನೀರು ನಿಲ್ಲುತ್ತಿತ್ತು. 18ನೇ ಶತಮಾನದಲ್ಲಿ ಜಾಟ್ ದೊರೆ ಸೂರಜ್‌ಮಲ್ ಅಜಾನ್ ಒಡ್ಡು ಕಟ್ಟಿಸಿದ. 19ನೇ ಶತಮಾನದ ಕೊನೆಗೆ ಸಂಸ್ಥಾನದವರು ಬಾತುಕೋಳಿ ಶಿಕಾರಿಗೆಂದೇ ತಗ್ಗನ್ನು ಮಣ್ಣಿನ ಏರಿಗಳಿಂದ ವಿಭಾಗಿಸಿ, ತೂಬು ಇಟ್ಟು, ಅಜಾನ್ ನೀರನ್ನು ಕಾಲುವೆಯಲ್ಲಿ ತಂದರು. 1902ರಲ್ಲಿ ವೈಸರಾಯ್ ಕರ್ಜನ್ ಬಂದಾಗ ಮೊದಲ ದೊಡ್ಡ ಬೇಟೆ ನಡೆಯಿತು. ಸುತ್ತಲಿನ ಹಳ್ಳಿಯವರ ಎಮ್ಮೆ, ದನಗಳಿಗೂ ಅದೇ ಮೇವಿನ ನೆಲ.

ಸ್ವಾತಂತ್ರ್ಯ ಬಂದ ಮೇಲೆ ಕೆರೆ ಬತ್ತಿಸಿ ಉಳುಮೆಗೆ ಕೊಡಿ ಎಂಬ ಕೂಗು ಎದ್ದಿತು. ಹಸಿದವರ ಬೇಡಿಕೆ ಅದು, ತಳ್ಳಿಹಾಕುವಂಥದ್ದಲ್ಲ. ಆಗ ಅಡ್ಡ ಬಂದವರು ಪಕ್ಷಿತಜ್ಞ ಸಲೀಂ ಅಲಿ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದಾಗ ರಂಗನತಿಟ್ಟನ್ನು ಕಾಪಾಡುವಂತೆ ಅರಮನೆಗೆ ಹೇಳಿ, 1940ರಲ್ಲಿ ಅದು ಪಕ್ಷಿಧಾಮವಾಗಲು ಕಾರಣರಾದವರೂ ಅವರೇ. ಭರತ್‌ಪುರದ ಮಾತನ್ನು ಅವರು ನೆಹರೂವರೆಗೆ ಒಯ್ದರು. 1956ರಲ್ಲಿ ಅದೂ ಪಕ್ಷಿಧಾಮವಾಯಿತು, ಆದರೆ ಮಹಾರಾಜರ ಬೇಟೆಯ ಹಕ್ಕು 1972ರವರೆಗೂ ಉಳಿದಿತ್ತು.

ಬೇಟೆಗಾರರ ಕೈಚಳಕವೇ ಇಲ್ಲಿ ವಿಜ್ಞಾನಕ್ಕೂ ಬೇಕಾಯಿತು. 1960ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಹಿಡಿದಾಗ, ಹಕ್ಕಿಗೆ ಗಾಯವಾಗದಂತೆ ಬಲೆಗೆ ಕೆಡವಲು ಬಿಹಾರದ ಮೀರ್‌ಶಿಕಾರ್‌ಗಳನ್ನು ಕರೆಸಿತು. ತಲೆತಲಾಂತರದಿಂದ ಹಕ್ಕಿ ಹಿಡಿದೇ ಬದುಕಿದವರು ಅವರು. ಹಿಡಿದ ಹಕ್ಕಿಯನ್ನು ಅಳೆದು, ತೂಗಿ, ಸಂಖ್ಯೆಯಿದ್ದ ಉಂಗುರ ಹಾಕಿ ಬಿಡುತ್ತಿದ್ದರು. ಅಂಥ ಕೆಲವು ಉಂಗುರಗಳು ದೂರದ ಸೋವಿಯತ್ ನೆಲದಲ್ಲಿ ಸಿಕ್ಕವು.

ಇನ್ನು ಎಮ್ಮೆಗಳ ಕಥೆ. 1980ರ ದಶಕದ ಆರಂಭದಲ್ಲಿ ಭರತ್‌ಪುರ ರಾಷ್ಟ್ರೀಯ ಉದ್ಯಾನವಾಯಿತು, 1982ರಲ್ಲಿ ಮೇಯಿಸುವುದಕ್ಕೆ ತಡೆ ಬಿತ್ತು. ಪಕ್ಷಿತಜ್ಞರೂ ಅದನ್ನೇ ಬಯಸಿದ್ದರು, ಸಲೀಂ ಅಲಿಯವರೂ ಅದಕ್ಕೆ ಒಪ್ಪಿದ್ದರು. ಹಳ್ಳಿಗರು ತಿರುಗಿಬಿದ್ದಾಗ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಹಕ್ಕಿಯ ಹೆಸರಿನಲ್ಲಿ ಹರಿದ ಆ ರಕ್ತವನ್ನು ಬಿಟ್ಟು ಈ ಜಾಗದ ಚರಿತ್ರೆ ಬರೆಯಲಾಗದು.

ಸೊಸೈಟಿಯ ಸಂಶೋಧಕರು ಆ ಹೊತ್ತಿಗಾಗಲೇ ಅಲ್ಲಿ ಬೀಡುಬಿಟ್ಟಿದ್ದರು. ಹತ್ತು ವರ್ಷ ಹಕ್ಕಿ, ಮೀನು, ಹುಲ್ಲು, ನೀರಿನ ಆಳ ಎಲ್ಲವನ್ನೂ ದಾಖಲಿಸಿದರು. ಎಮ್ಮೆ ಇಳಿಯದ ನೀರಿನಲ್ಲಿ ಪ್ಯಾಸ್ಪಲಮ್ ಎಂಬ ಹುಲ್ಲು ಬೆಳೆದು ಹೆಣೆದುಕೊಂಡು ಚಾಪೆಯಾಯಿತು, ಬಯಲು ನೀರು ಕಡಿಮೆಯಾಯಿತು. ಬಾತುಗಳಿಗೆ ಈಜಲು ಜಾಗವಿಲ್ಲ. ಸೈಬೀರಿಯನ್ ಕ್ರೇನ್‌ಗೆ ಕೊಕ್ಕು ಹಾಕಿ ಗೆಡ್ಡೆ ಕೀಳುವ ಕೆಸರೂ ಸಿಗದಾಯಿತು. ಆ ಹುಲ್ಲನ್ನು ತಿಂದು, ತುಳಿದು ಅಂಕೆಯಲ್ಲಿಟ್ಟದ್ದು ಎಮ್ಮೆಗಳೇ. ತಾನೇ ಬೆಂಬಲಿಸಿದ್ದ ತಡೆ ತಪ್ಪೆಂದು ಸಂಸ್ಥೆಯೇ ಬರೆದು ಪ್ರಕಟಿಸಿತು. ಪಕ್ಷಿ ವೀಕ್ಷಣೆಯ ಚರಿತ್ರೆಯಲ್ಲಿ ಯಾವ ಅಪರೂಪದ ಹಕ್ಕಿ ಕಂಡದ್ದಕ್ಕಿಂತಲೂ ಇದು ದೊಡ್ಡ ಸಂಗತಿ. ದನಗಾಹಿಗಳನ್ನು 1982ರಲ್ಲೇ ಕೂರಿಸಿಕೊಂಡು ಕೇಳಿದ್ದರೆ ಜೀವಗಳು ಉಳಿಯುತ್ತಿದ್ದವು.

ಕ್ರೇನ್‌ಗಳು ಉಳಿಯಲಿಲ್ಲ. 1960ರ ದಶಕದಲ್ಲಿ ಚಳಿಗಾಲಕ್ಕೆ ಸುಮಾರು 200 ಬರುತ್ತಿದ್ದವು. ಕೊನೆಯ ಜೋಡಿ ಕಂಡದ್ದು 2002ರಲ್ಲಿ. ಅವುಗಳ ಹಾರುದಾರಿ ಅಫ್ಘಾನಿಸ್ತಾನದ ಮೇಲಿತ್ತು, ಅಲ್ಲಿನ ಬೇಟೆಯೂ ಅವನ್ನು ಮುಗಿಸಿತು. ಆಮೇಲೆ ಬಂದದ್ದು ನೀರಿನ ತಕರಾರು. ಗಂಭೀರ್ ನದಿಗೆ ಮೇಲ್ಗಡೆ ಪಾಂಚನಾ ಅಣೆಕಟ್ಟು ಕಟ್ಟಿದ ಮೇಲೆ, ಅಲ್ಲಿನ ರೈತರು ನೀರು ಬಿಡಲು ಒಪ್ಪದೆ, ಜೌಗು ಒಣಗಿತು. ಒಣ ನೆಲದಲ್ಲಿ ಬಳ್ಳಾರಿ ಜಾಲಿ ಹಬ್ಬಿತು. ಅದನ್ನು ಕಿತ್ತು ಸೌದೆ ಒಯ್ಯಲು ಕರೆದದ್ದು ಹಿಂದೆ ಹೊರಗಿಟ್ಟ ಹಳ್ಳಿಗಳವರನ್ನೇ. ಈಗ ಚಂಬಲ್‌ನಿಂದ ಕೊಳವೆಯಲ್ಲೂ ಗೋವರ್ಧನ ನಾಲೆಯಿಂದಲೂ ನೀರು ತರುತ್ತಾರೆ. ನದಿ ಉಕ್ಕಿ ಬಂದಾಗ ಜೊತೆಗೆ ಮೀನುಮರಿಗಳೂ ಬರುತ್ತಿದ್ದವು. ಕೊಳವೆಯ ನೀರಿನಲ್ಲಿ ಅವು ಬರುವುದಿಲ್ಲ.