ತೆರಿಗೆಯನ್ನು ಮುಂದೂಡಿದ ವಿನಿಮಯ

ಹಲವು ಬಾಡಿಗೆ ಮನೆಗಳನ್ನು ಕೊಟ್ಟು, ಅವುಗಳ ಬೆಲೆಗೆ ಕಡಮೆಯಿಲ್ಲದ ಒಂದೇ ಕಟ್ಟಡವನ್ನು ಪಡೆವ ಅಮೆರಿಕದ ಆಸ್ತಿವಂತನು ಲಾಭದ ತೆರಿಗೆಯನ್ನು ಆಗಲೇ ತೆರದೆ ಮುಂದೂಡಬಲ್ಲನೆಂಬ ಪದ್ಧತಿಯು 1921ರ ಕಂದಾಯ ಶಾಸನದಲ್ಲಿ ಮೊಳೆಯಿತು. ಆಸ್ತಿಯ ರೂಪವು ಬದಲಾದರೂ ಕೈಗೆ ಹಣ ಬಾರದಿರುವಾಗ ತೆರಿಗೆ ಕೇಳುವುದು ಉಚಿತವಲ್ಲವೆಂಬ ತತ್ತ್ವವೇ ಅದರ ಆಧಾರ. 1954ರ ಸಂಹಿತೆಯಲ್ಲಿ ಅದು 1031ನೆಯ ವಿಧಿಯಾಯಿತು.

1967ರಲ್ಲಿ ಆರೆಗಾನ್ ರಾಜ್ಯದ ಟಿ. ಜೆ. ಸ್ಟಾರ್ಕರ್ ಎಂಬ ಅರಣ್ಯಶಾಸ್ತ್ರಜ್ಞರು ಕುಟುಂಬಸಮೇತರಾಗಿ 1,843 ಎಕರೆ ಮರಗಾಡನ್ನು ಕ್ರೌನ್ ಜೆಲರ್‌ಬಾಕ್ ಕಂಪನಿಗೆ ಬಿಟ್ಟುಕೊಟ್ಟು, ಐದು ವರ್ಷಗಳೊಳಗೆ ಬೇರೆ ಸ್ಥಿರಾಸ್ತಿಗಳನ್ನು ಕೊಡಿಸುವ, ಇಲ್ಲವೇ ಬಾಕಿಯನ್ನು ಹಣವಾಗಿ ತೆರುವ ವಾಗ್ದಾನವನ್ನು ಪಡೆದರು. ಏಕಕಾಲದಲ್ಲಿ ನಡೆಯದ ಇಂಥ ವಿನಿಮಯವು ಸಲ್ಲದೆಂದು ಸರ್ಕಾರವು ವಾದಿಸಿದರೂ, 1979ರಲ್ಲಿ ಮೇಲ್ಮನವಿ ನ್ಯಾಯಾಲಯವು ಬಹುಮಟ್ಟಿಗೆ ಸ್ಟಾರ್ಕರರ ಪಕ್ಷವನ್ನೇ ಎತ್ತಿಹಿಡಿಯಿತು. ಈ ವಿಳಂಬಕ್ಕೆ ಎಲ್ಲೆಯಿರಬೇಕೆಂದು 1984ರಲ್ಲಿ ಅಲ್ಲಿಯ ಕಾಂಗ್ರೆಸ್ಸು, ಹೊಸ ಆಸ್ತಿಯನ್ನು 45 ದಿನಗಳಲ್ಲಿ ಗೊತ್ತುಪಡಿಸಿ, ಹೆಚ್ಚೆಂದರೆ 180 ದಿನಗಳೊಳಗೆ ವಶಕ್ಕೆ ಪಡೆಯಬೇಕೆಂದು ವಿಧಿಸಿತು.

ಇದು ಮನ್ನಾ ಅಲ್ಲ: ಹಳೆಯ ಮನೆಗಳ ಅಸಲೇ ಹೊಸ ಕಟ್ಟಡದ ಲೆಕ್ಕಕ್ಕೆ ಸಾಗಿಬರುವುದರಿಂದ, ಮಾಲೀಕನು ಅದನ್ನು ಮಾರಿ ಹಣ ಪಡೆದ ದಿನ ಹಿಂದಿನ ಲಾಭವೂ ತೆರಿಗೆಗೆ ಒಳಪಡುವುದು. 2018ರಿಂದ ಸ್ಥಿರಾಸ್ತಿಗೆ ಮಾತ್ರ ಉಳಿದಿರುವ ಈ ಸೌಲಭ್ಯವು, ಮಾಲೀಕರಿಗಿರುವಂತೆಯೇ ಬಾಡಿಗೆದಾರರಿಗೂ ಹಿತವಾಗಿರುವುದೇ ಎಂಬುದನ್ನು ಶಾಸನಕರ್ತರು ಪರಾಮರ್ಶಿಸುತ್ತಲೇ ಇರತಕ್ಕದ್ದು.