ಆರು ಸ್ಪೀಕರ್ ಇದ್ದರೆ ಸಾಕೆ? ನಿಜವಾದ ಸರೌಂಡ್ ಮತ್ತು ತೋರಿಕೆಯ ಸರೌಂಡ್

ಮಹಾಗಾಂವ: ಗಡಹಿಂಗ್ಲಜ ಪೇಟೆಯಿಂದ 5.1 ಹೋಮ್ ಥಿಯೇಟರ್ ತಂದು ಹಚ್ಚಿದ ಮಾತ್ರಕ್ಕೆ ಹಾಡು ಸುತ್ತಲಿಂದ ಕೇಳಿಸೀತೆಂಬ ಖಾತ್ರಿ ಇಲ್ಲ. ಡಬ್ಬದಲ್ಲಿ ಆರು ಸ್ಪೀಕರ್ ಇರುವುದು ಬೇರೆ, ಹಾಡಿನಲ್ಲಿ ಆರು ಚಾನೆಲ್ ಇರುವುದು ಬೇರೆ.

ನಿಜವಾದ ಸರೌಂಡ್‌ನಲ್ಲಿ ಮುಂದಿನ ಮೂರು, ಹಿಂದಿನ ಎರಡು ಸ್ಪೀಕರ್ ಹಾಗೂ ಸಬ್‌ವೂಫರ್‌ಗೆ ಯಾವ ಧ್ವನಿ ಎಂಬುದನ್ನು ಸ್ಟುಡಿಯೋದಲ್ಲೇ ಹಂಚಿರುತ್ತಾರೆ. ಆದರೆ 1982ರಲ್ಲಿ ಬಂದ ಸಾಮಾನ್ಯ ಆಡಿಯೋ ಸಿಡಿಯಲ್ಲಿ ಎರಡೇ ಚಾನೆಲ್. ಎಂಪಿ3 ಹಾಡುಗಳೂ ಬಹುತೇಕ ಹಾಗೆಯೇ.

ಎರಡನ್ನು ಆರು ಮಾಡುವುದು ಯಂತ್ರದ ಲೆಕ್ಕ. ಡಾಲ್ಬಿ ಪ್ರೊಲಾಜಿಕ್‌ನಂಥ ಪದ್ಧತಿ ಎಡಬಲಕ್ಕೆ ಸಮಾನವಾದ ಧ್ವನಿಯನ್ನು ನಡುವಿನ ಸ್ಪೀಕರ್‌ಗೂ ವ್ಯತ್ಯಾಸವನ್ನು ಹಿಂದಕ್ಕೂ ಕಳಿಸುತ್ತದೆ. ಹಳೆಯ ಹಾಡುಗಳಲ್ಲಿ ಇದರ ಬಣ್ಣ ಬಯಲಾಗುತ್ತದೆ. ಕೊಲ್ಹಾಪುರ ದರಬಾರದ ಗಾಯಕ ಅಲ್ಲಾದಿಯಾ ಖಾನರ ಮಕ್ಕಳಲ್ಲಿ ಕಲಿತ ಮಲ್ಲಿಕಾರ್ಜುನ ಮನಸೂರರ 78 ಆರ್‌ಪಿಎಂ ತಟ್ಟೆಗಳನ್ನೇ ತಗೊಳ್ಳಿ. ಅವು ಮೊನೊ, ಎಡಬಲದ ವ್ಯತ್ಯಾಸ ಸೊನ್ನೆ. ಹಾಡೆಲ್ಲ ನಡುವಿನ ಸ್ಪೀಕರ್‌ನಲ್ಲಿ, ಹಿಂದಿನವು ಮೌನ. ಕೆಲವೊಮ್ಮೆ ಹಿಂದಿನಿಂದ ಕೇಳುವುದು ತಟ್ಟೆಯ ಗೀರಿನ ಚಟಪಟ ಮಾತ್ರ! ‘ಹಾಲ್’ ಗುಂಡಿ ಒತ್ತಿದರೆ ಸದ್ದು ಬರುತ್ತದೆ, ನಿಜ. ಅದು ಯಂತ್ರ ಬೆರೆಸಿದ ಪ್ರತಿಧ್ವನಿ. ವೇಗದ ತಾನುಗಳು ಅದರಲ್ಲಿ ಕಲಸಿಹೋಗುತ್ತವೆ. ನನ್ನ ಕಿವಿಗಂತೂ ಒಗ್ಗಲಿಲ್ಲ.

ಸೌಂಡ್‌ಬಾರ್‌ಗಳಲ್ಲಿ ಹಲವು ಗೋಡೆಗೆ ಧ್ವನಿ ಬಡಿಸಿ ಸುತ್ತಲಿನ ಭ್ರಮೆ ಹುಟ್ಟಿಸುತ್ತವೆ. ಒಂದು ಬದಿ ತೆರೆದ ಪಡಸಾಲೆಯಲ್ಲಿ ಆ ಆಟ ನಡೆಯದು.

ಕೊಳ್ಳುವ ಮುನ್ನ ಅಂಗಡಿಯವರ ಸಿನಿಮಾ ಡಿವಿಡಿ ಬೇಡ, ನೀವು ದಿನಾ ಕೇಳುವ ಅಭಂಗವನ್ನೋ ವಚನವನ್ನೋ ಒಯ್ದು ‘ಸ್ಟೀರಿಯೋ’ದಲ್ಲಿ ಹಾಕಿಸಿ. ಕೆಂಪು-ಬಿಳಿ ತಂತಿಯ ಜೋಡಿಯಲ್ಲಿ ಹರಿಯುವುದು ಎರಡೇ ಚಾನೆಲ್ ಎಂಬುದೂ ನೆನಪಿರಲಿ. ಅದೇ ಹಣಕ್ಕೆ ಎರಡು ಒಳ್ಳೆಯ ಸ್ಪೀಕರ್ ಸಿಗುತ್ತವೆಯೇ ಎಂದು ಅಲ್ಲೇ ಕೇಳಿ.