ಕೋಡಿ ಬೀಳುವ ತನಕ

ನನ್ನ ತವರು ಹಿರಿಯೂರಿನ ಕಡೆ. ವಾಣಿವಿಲಾಸ ಸಾಗರವನ್ನು ನಮ್ಮ ಹಳಬರು ಇಂದಿಗೂ ಮಾರಿಕಣಿವೆ ಎಂದೇ ಕರೆಯುತ್ತಾರೆ. ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು ನಿಲ್ಲಿಸಿದ ಕಟ್ಟೆ, ಅಲ್ಲೇ ಕಣಿವೆ ಮಾರಮ್ಮನ ಗುಡಿ.

ಮದುವೆಯಾಗಿ ಹತ್ತು ವರ್ಷ ತುಂಬುವ ಮೊದಲೇ ಯಜಮಾನರನ್ನು ಕಳೆದುಕೊಂಡು, ಇಬ್ಬರು ಮಕ್ಕಳ ಕೈಹಿಡಿದು ತವರಿಗೆ ಬಂದಾಗ ಅಮ್ಮ ನನ್ನನ್ನು ಮೊದಲು ಕರೆದೊಯ್ದದ್ದು ಆ ಗುಡಿಗೆ. ಆ ವರ್ಷ ಜಲಾಶಯದಲ್ಲಿ ನೀರು ತಳ ಕಂಡಿತ್ತು. "ತಾಯಿಗೆ ಕಣ್ಣಿದ್ದರೆ ನನಗೇಕಮ್ಮ ಹೀಗಾಯಿತು?" ಎಂದು ಅತ್ತೆ. ಅಮ್ಮ ಉತ್ತರ ಹೇಳಲಿಲ್ಲ. ಪೂಜಾರಿ ಕೊಟ್ಟ ಕುಂಕುಮವನ್ನು ತಾನೇ ನನ್ನ ಹಣೆಗಿಟ್ಟು, "ಈ ಕಟ್ಟೆಗೆ ಯಾರ ಹೆಸರಿದೆಯೋ ಆ ಮಹಾತಾಯಿಯೂ ನಿನ್ನ ಹಾಗೆಯೇ ಇದ್ದವಳು ಕಣೇ" ಎಂದಳು.

ಆಮೇಲೆ ಓದಿ ತಿಳಿದುಕೊಂಡೆ. ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಹೋದವರು ಗಂಟಲುಮಾರಿ ರೋಗದಿಂದ ಅಲ್ಲೇ ತೀರಿಕೊಂಡರು. ರಾಣಿ ಕೆಂಪನಂಜಮ್ಮಣ್ಣಿಯವರಿಗೆ ಆಗ 28 ವರ್ಷ. ಪಟ್ಟಕ್ಕೆ ಬರಬೇಕಾದ ಮಗನಿಗೆ ಹತ್ತು. ವಾಣಿವಿಲಾಸ ಸನ್ನಿಧಾನ ಎನಿಸಿಕೊಂಡ ಆಕೆ ರಾಜಪ್ರತಿನಿಧಿಯಾಗಿ ರಾಜ್ಯದ ಹೊಣೆ ಹೊತ್ತರು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 1897ರಲ್ಲಿ ಹಿರಿಯ ಮಗಳ ಮದುವೆಯ ಸಂಭ್ರಮದಲ್ಲೇ ಮರದ ಅರಮನೆಗೆ ಬೆಂಕಿ ಬಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆದರೂ ಅದೇ ಆಳ್ವಿಕೆಯಲ್ಲಿ ಹೊಸ ಅರಮನೆಯ ಕೆಲಸ ಮೊದಲಾಯಿತು, ಮಲ್ಲೇಶ್ವರ, ಬಸವನಗುಡಿಗಳಂಥ ಗಾಳಿ ಬೆಳಕಿನ ಬಡಾವಣೆಗಳು ಎದ್ದವು, ನಮ್ಮ ಮಾರಿಕಣಿವೆಯ ಕಟ್ಟೆಗೆ ಕೈ ಹಚ್ಚಲಾಯಿತು. 1902ರಲ್ಲಿ ರಾಜ್ಯವನ್ನು ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಒಪ್ಪಿಸಿ ಆಕೆ ಹಿಂದೆ ಸರಿದರು. ಕಟ್ಟೆ ಮುಗಿದದ್ದು 1907ರಲ್ಲಿ. ಮುಂದೆ ಮಗಳು ಕೃಷ್ಣಾಜಮ್ಮಣ್ಣಿಯನ್ನೂ ಕ್ಷಯ ಕೊಂಡೊಯ್ದಿತು. ಆ ಮಗಳ ಹೆಸರಿನಲ್ಲೇ ಮೈಸೂರಿನಲ್ಲಿ ಕ್ಷಯರೋಗಿಗಳ ಆಸ್ಪತ್ರೆಯಾಯಿತು.

ದೇವರನ್ನು ನಂಬುವುದೆಂದರೆ ಕೈಕಟ್ಟಿ ಕೂರುವುದಲ್ಲ ಎಂದು ನನಗೆ ಈ ಕಥೆಯಿಂದ ಹೊಳೆಯಿತು. ಕತ್ತಲಲ್ಲಿ ದಾರಿ ಪೂರ್ತಿ ಕಾಣದು, ಕಾಲಿಡುವಷ್ಟು ನೆಲ ಕಂಡರೆ ಸಾಕು. ನಾನು ಹೊಲಿಗೆ ಕಲಿತೆ. ಅಕ್ಕಪಕ್ಕದವರ ರವಿಕೆ ಹೊಲಿದು ಮಕ್ಕಳನ್ನು ಓದಿಸಿದೆ. "ಏಕೆ ಹೀಗಾಯಿತು" ಎಂಬ ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಆದರೆ ಆ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡೇ ದೀಪ ಹಚ್ಚುವುದು ಅಭ್ಯಾಸವಾಯಿತು.

ನಮ್ಮ ಜಲಾಶಯ 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಅಮ್ಮ ಅದನ್ನು ಕಣ್ಣಾರೆ ಕಂಡವಳಲ್ಲ, ತನ್ನ ಅಮ್ಮನಿಂದ ಕೇಳಿದವಳು. "ಇನ್ನೊಂದು ಸಲ ತುಂಬೇ ತುಂಬುತ್ತದೆ, ಬಾಗಿನ ಬಿಡೋಣ" ಎನ್ನುತ್ತಲೇ ಕಣ್ಣು ಮುಚ್ಚಿದಳು. 89 ವರ್ಷಗಳ ಮೇಲೆ, 2022ರಲ್ಲಿ ಮತ್ತೆ ಕೋಡಿ ಬಿತ್ತು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ ಇಟ್ಟುಕೊಂಡು ಹೋದೆ. ನನ್ನಂಥವಳು ಬಾಗಿನ ಬಿಡಬಹುದೇ ಎಂದು ಒಂದು ಕ್ಷಣ ಅಳುಕಿತು. ಅಂದು ಅಮ್ಮ ಇಟ್ಟ ಕುಂಕುಮ ನೆನಪಾಯಿತು. ನನ್ನ ಕೈಯಿಂದಲೇ ಬಿಟ್ಟೆ. ಗಂಗಮ್ಮ ಅದನ್ನು ಬೇಡವೆನ್ನದೆ ಒಯ್ದಳು.